ಮೇಲಿನ ಮನೆಯ ಚಕ್ರ

ನಮ್ಮ ಬೀದಿಯವರೆಲ್ಲ ಅವರನ್ನು ಕರೆಯುವುದು ಮೀಟರಮ್ಮ ಎಂದು. ಎದುರಿಗಲ್ಲ, ಬೆನ್ನ ಹಿಂದೆ. ಒಂದು ಸಲ ಅದು ಅವರ ಕಿವಿಗೂ ಬಿತ್ತು. ಅವರು ಕೋಪಿಸಿಕೊಳ್ಳಲಿಲ್ಲ. ತಾವು ಟೈಲರ್, ದಿನವಿಡೀ ಬಟ್ಟೆ ಅಳೆಯುವವರು, ಅದಕ್ಕೇ ಆ ಹೆಸರು ಎಂದುಕೊಂಡು ಸುಮ್ಮನಾದರು. ಅವರ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿರುವ ನಾನು ಆ ತಪ್ಪನ್ನು ತಿದ್ದಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ತಪ್ಪು ತಿದ್ದುವುದೇ ಕಸುಬು, ನಿಜ. ಆದರೆ ಮನೆ ಯಜಮಾನಿಯ ತಪ್ಪುಗಳು ನನ್ನ ಪಠ್ಯಕ್ರಮದಲ್ಲಿ ಬರುವುದಿಲ್ಲ.

ಹೆಸರು ಬಂದದ್ದು ವಿದ್ಯುತ್ ಮೀಟರಿನಿಂದ. ಮುಂಬಾಗಿಲು ತೆರೆದರೆ ಮೊದಲು ಸಿಗುವುದು ಒಂದು ಉದ್ದನೆಯ ಪ್ಯಾಸೇಜು. ಎಡಗಡೆ ಮೋಟಾರು ಹಚ್ಚಿದ ಹೊಲಿಗೆ ಯಂತ್ರ, ಇಸ್ತ್ರಿ ಮಾಡುವ ಮೇಜು, ಹೊಲಿದಾದ ಬಟ್ಟೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಚೀಟಿ ಸಿಕ್ಕಿಸಿಟ್ಟ ಕಪಾಟು. ಬಲಗಡೆಯ ಗೋಡೆಯಲ್ಲಿ ಮರದ ಹಲಗೆ, ಅದರ ಮೇಲೆ ಅಕ್ಕಪಕ್ಕ ಎರಡು ಹಳೇ ಮೀಟರು. ಒಂದರ ಕೆಳಗೆ ‘ಕೆಳಗೆ’ ಎಂದೂ ಇನ್ನೊಂದರ ಕೆಳಗೆ ‘ಮೇಲೆ’ ಎಂದೂ ಬರೆದ ಎರಡು ತಗಡು. ಪ್ಯಾಸೇಜಿನ ಕೊನೆಯಲ್ಲಿ ಮಹಡಿಗೆ ಹತ್ತುವ ಮೆಟ್ಟಿಲು. ಮೀಟರಮ್ಮನ ಸ್ಟೂಲು ಎಂಥ ಜಾಗದಲ್ಲಿದೆ ಎಂದರೆ, ಒಂದು ಹೊಲಿಗೆ ಮುಗಿಸಿ ತಲೆ ಎತ್ತಿದರೆ ಕಣ್ಣು ನೇರ ಮೀಟರಿನ ಮೇಲೇ ಬೀಳುತ್ತದೆ.

ಅವು ಹಳೇ ಕಾಲದ ಮೀಟರುಗಳು. ಗಾಜಿನ ಕಿಟಕಿಯೊಳಗೆ ಅಡ್ಡಡ್ಡ ಮಲಗಿದ ಒಂದು ಬೆಳ್ಳಿ ಬಣ್ಣದ ಚಕ್ರ. ಅದರ ಅಂಚಿನಲ್ಲಿ ಒಂದು ಕಪ್ಪು ಗುರುತು. ಮನೆಯಲ್ಲಿ ಕರೆಂಟು ಓಡಿದಷ್ಟೂ ಚಕ್ರ ಓಡುತ್ತದೆ. ಒಂದೇ ಬಲ್ಬಿದ್ದರೆ ಊಟ ಮಾಡಿ ಎದ್ದವರ ಹಾಗೆ ನಿಧಾನ. ಇಸ್ತ್ರಿಪೆಟ್ಟಿಗೆ ಹಾಕಿದರೆ ಬಾಲಕ್ಕೆ ಬೆಂಕಿ ಬಿದ್ದ ಹಾಗೆ.

ಈ ಚಕ್ರವನ್ನು ಓದುವುದರಲ್ಲಿ ಮೀಟರಮ್ಮನನ್ನು ಮೀರಿಸಿದವರಿರಲಿಲ್ಲ. ಸಂಜೆ ಬಟ್ಟೆ ಕೊಡಲು ಮನೆಮನೆಗೆ ಹೊರಟರೆ ಅವರು ಮೊದಲು ಕರೆಗಂಟೆ ಒತ್ತುತ್ತಿರಲಿಲ್ಲ. ಗೇಟಿನ ಪಕ್ಕದ ಮೀಟರ್ ಪೆಟ್ಟಿಗೆಯೊಳಗೆ ಇಣುಕುತ್ತಿದ್ದರು. ಚಕ್ರ ತೂಕಡಿಸುತ್ತಿದ್ದರೆ ಒಳಗೆ ಫ್ರಿಜ್ಜು ಬಿಟ್ಟು ಯಾರೂ ಇಲ್ಲ, ಮುಂದಿನ ಮನೆಗೆ. ಮೂಲೆ ಅಂಗಡಿಯವರು ಒಮ್ಮೆ ತಮ್ಮ ಕಿಟಕಿಯ ಅಳತೆ ತಪ್ಪು ಕೊಟ್ಟು ಒಂದು ಗೇಣು ಗಿಡ್ಡ ಪರದೆ ಹೊಲಿಸಿಕೊಂಡಿದ್ದರು. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ, ಮೀಟರಮ್ಮ ಬಂದಾಗ ಬಾಗಿಲು ಹಾಕಿಕೊಂಡು ಕುಳಿತರು. ಇವರು ಗೇಟಿನಲ್ಲೇ ನಿಂತು ಗೋಡೆಗೆ ಹೇಳಿದರಂತೆ: “ಟಿ.ವಿ. ಆಫ್ ಮಾಡಿ ಬಾಗಿಲು ತೆಗೀರಿ. ಚಕ್ರ ಓಡ್ತಾ ಇದೆ.” ಬಾಗಿಲು ತೆರೆಯಿತು. ಆ ದಿನದಿಂದಲೇ ಈ ಹೆಸರು.

ಮದುವೆಯಾಗಿ ಆ ಮನೆಗೆ ಬಂದಾಗ ಅವರಿಗೆ ಗುಂಡಿ ಹಚ್ಚುವುದೂ ಬರುತ್ತಿರಲಿಲ್ಲವಂತೆ. ಗಂಡ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಅವರ ಅಂಗಿಯ ಸವೆದ ಕಾಲರನ್ನು ಬಿಚ್ಚಿ, ತಿರುವಿ, ಮತ್ತೆ ಕೂಡಿಸುತ್ತ ಕೂಡಿಸುತ್ತಲೇ ಕೆಲಸ ಕೈಗೆ ಹತ್ತಿತು. ಗಂಡ ತೀರಿಕೊಂಡ ಮೇಲೆ ಕಾಲಲ್ಲಿ ತುಳಿಯುತ್ತಿದ್ದ ಯಂತ್ರಕ್ಕೆ ಮೋಟಾರು ಹಾಕಿಸಿ, ಶಾಲೆಗಳ ಸಮವಸ್ತ್ರ ಒಪ್ಪಿಕೊಂಡು, ಮಗಳ ಓದು ಮುಗಿಸಿ, ಕೆಲಸಕ್ಕೂ ಹಚ್ಚಿದರು. ಅರವತ್ತಾರು ದಾಟಿದ ಮೇಲೂ ಕೊರಳಲ್ಲಿ ಟೇಪು, ಕಿವಿಯ ಹಿಂದೆ ಸೀಮೆಸುಣ್ಣ. ಒಮ್ಮೆ ಆ ಸೀಮೆಸುಣ್ಣದ ಸಮೇತ ಬ್ಯಾಂಕಿಗೂ ಹೋಗಿ ಬಂದಿದ್ದರು.

ಆ ಮೋಟಾರಿನಿಂದಲೇ ಜಗಳ ಹುಟ್ಟಿದ್ದು.

ಮಹಡಿಯಲ್ಲಿರುವುದು ಅವರ ಗಂಡನ ತಂಗಿ, ನಾದಿನಿ. ಮದುವೆಯಾಗಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿದ್ದು ಈಗ ನಿವೃತ್ತಿಯಾಗಿದ್ದಾರೆ. ಬೀದಿಗೆಲ್ಲ ಅವರು ಸಿಸ್ಟರ್. ಹನ್ನೊಂದು ವರ್ಷದ ಹಿಂದೆ ಅವರಿಗೆ ಸತತವಾಗಿ ರಾತ್ರಿ ಪಾಳಿ. ಹಗಲು ಮಲಗಲು ಹೋದರೆ ಕೆಳಗಿನಿಂದ ಹೊಸ ಮೋಟಾರು ಗರಗರ ಎನ್ನುತ್ತಿತ್ತು. ಒಂದು ಮಧ್ಯಾಹ್ನ ನಿದ್ದೆಗೆಟ್ಟು ಮೆಟ್ಟಿಲಲ್ಲಿ ನಿಂತು, “ಅಣ್ಣ ಇದ್ದಾಗ ಈ ಮನೇಲಿ ಇಷ್ಟು ಸದ್ದಿರಲಿಲ್ಲ” ಎಂದುಬಿಟ್ಟರು. ಸಿಸ್ಟರ್ ಹೇಳಿದ್ದು ನಿದ್ದೆಯ ಬಗ್ಗೆ. ಮೀಟರಮ್ಮ ಕೇಳಿಸಿಕೊಂಡದ್ದು, ಗಂಡ ಹೋದ ಮೇಲೆ ನೀನು ಜೋರಾಗಿದ್ದೀಯ ಎಂದು. ಅಂದು ನಿಂತ ಮಾತು ನಿಂತೇಬಿಟ್ಟಿತು. ನೀರಿನ ಟ್ಯಾಂಕು ಒಂದೇ, ಗೇಟು ಒಂದೇ, ಕಸದ ಬುಟ್ಟಿಯೂ ಒಂದೇ. ಮಾತು ಮಾತ್ರ ಇಲ್ಲ. ಹೇಳಲೇಬೇಕಾದದ್ದಿದ್ದರೆ ನಡುವೆ ಬಾಡಿಗೆಯವರು. ನನಗಿಂತ ಮೊದಲು ಆ ಕೋಣೆಯಲ್ಲಿ ಮೂವರು ಇದ್ದು ಹೋಗಿದ್ದರು. ಅವರೇಕೆ ಬಿಟ್ಟರೆಂದು ನನಗೆ ಬೇಗ ಗೊತ್ತಾಯಿತು. ಒಂದೇ ಪ್ಯಾಸೇಜಿನಲ್ಲಿ ಇಬ್ಬರೂ ನಿಂತಿದ್ದಾಗ, “ಟೀಚರ್, ಟ್ಯಾಂಕ್ ತುಂಬಿದೆ ಅಂತ ಅವರಿಗೆ ಹೇಳಿ” ಎನ್ನುವರು ಒಬ್ಬರು. “ಗೊತ್ತಾಯ್ತು ಅಂತ ಹೇಳಿ” ಎನ್ನುವರು ಇನ್ನೊಬ್ಬರು. ನಾನು ಎರಡನ್ನೂ ಹೇಳುತ್ತಿದ್ದೆ. ಹಳ್ಳಿಯಿಂದ ಬಂದು, ಮನೆಗೇ ಮೊದಲ ಪದವಿ ಪಡೆದವಳು ನಾನು. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವುದು ಅಭ್ಯಾಸವಾಗಿ ಹೋಗಿದೆ.

ಹೀಗಿರುವಾಗ ನಾದಿನಿ ಹೇಗಿದ್ದಾಳೆ ಎಂದು ತಿಳಿಯಲು ಮೀಟರಮ್ಮನಿಗೆ ಉಳಿದಿದ್ದ ದಾರಿ ಒಂದೇ, ‘ಮೇಲೆ’ ಎಂಬ ತಗಡಿನ ಚಕ್ರ. ಅದನ್ನು ನೋಡಿ ನೋಡಿ ಅವರು ಒಂದು ದೊಡ್ಡ ಸತ್ಯ ಕಂಡುಹಿಡಿದಿದ್ದರು. ನಾನು ಕೋಣೆಗೆ ಬಂದ ವಾರದಲ್ಲೇ ಅದನ್ನು ನನಗೆ ಪಿಸುಮಾತಿನಲ್ಲಿ ಹೇಳಿದರು.

“ನಾನು ಮೆಷಿನ್ನಿಗೆ ಕೂತ ತಕ್ಷಣ ಅವಳ ಚಕ್ರ ಓಡುತ್ತೆ. ಇಸ್ತ್ರಿ ಹಾಕಿದ್ನೋ, ಅವಳೂ ಏನೋ ಹಾಕ್ತಾಳೆ. ನಾನು ಎದ್ದೆ, ಅವಳೂ ಆಫ್. ಹನ್ನೊಂದು ವರ್ಷ ಆಯ್ತು ಟೀಚರ್, ಒಂದು ದಿನ ತಪ್ಪಿಲ್ಲ. ನನ್ನ ಮೇಲಿನ ಹಟಕ್ಕೇ ಬದುಕಿದ್ದಾಳೆ ಅವಳು.”

ಅವರು ಹೊಲಿಯಲು ಕುಳಿತರು. ‘ಮೇಲಿನ’ ಚಕ್ರ ಚುರುಕಾಯಿತು. ನಿಲ್ಲಿಸಿದರು. ಅದೂ ನಿಧಾನವಾಯಿತು. ನಾನು ಕಣ್ಣಾರೆ ಕಂಡೆ, ನಂಬಿದೆ. ಪ್ರತಿ ವರ್ಷ ಹತ್ತನೇ ತರಗತಿಗೆ ವಿದ್ಯುತ್ತಿನ ಪಾಠ ಮಾಡುವವಳು, ಕರಿಹಲಗೆಯ ಮೇಲೆ ಇದೇ ಮೀಟರಿನ ಚಿತ್ರ ಬರೆದು ಭಾಗಗಳನ್ನು ಗುರುತಿಸುವವಳು, ಈ ನಾದಿನಿ ಅದೆಷ್ಟು ಹಟಮಾರಿ ಎಂದು ಆಶ್ಚರ್ಯಪಟ್ಟೆ.

ಹಟ ಎನ್ನುವಾಗ ಮೀಟರಮ್ಮನ ದನಿಯಲ್ಲಿ ಬೇಜಾರಿಗಿಂತ ಹೆಚ್ಚಾಗಿ ಏನೋ ಒಂದು ಸಮಾಧಾನವಿರುತ್ತಿತ್ತು. ಹಟ ಮಾಡುತ್ತಾಳೆಂದರೆ ಆರೋಗ್ಯವಾಗಿದ್ದಾಳೆ. ತನ್ನ ಮೇಲೆ ಹಟ ಮಾಡುತ್ತಾಳೆಂದರೆ ತನ್ನ ನೆನಪಿದೆ.

‘ಕೆಳಗೆ’ ಎಂಬ ತಗಡಿನ ಚಕ್ರದಿಂದ ಮಾತ್ರ ಪೆಟ್ಟು ಬೀಳುತ್ತಿದ್ದದ್ದು ನನಗೆ. ಬೆಳಿಗ್ಗೆ ಆರು ಗಂಟೆಗೆ, ಕೆಳಮನೆಯಲ್ಲಿ ಒಂದು ಬಲ್ಬು ಮಾತ್ರ ಉರಿಯುತ್ತಿರುವಾಗ, ಆ ಚಕ್ರ ಹುಚ್ಚೆದ್ದು ತಿರುಗುತ್ತಿತ್ತು. ನನ್ನ ಕೋಣೆಯ ಕರೆಂಟು ಕೆಳಮನೆಯದೇ. ಆದ್ದರಿಂದ ನಾನು ಕದ್ದು ನೀರು ಕಾಯಿಸುತ್ತಿದ್ದೇನೆ ಎಂದು ಅವರು ತೀರ್ಮಾನಿಸಿದರು. ಇಲ್ಲ ಎಂದೆ. “ಸುಳ್ಳು ಹೇಳ್ಬೇಡಿ ಟೀಚರ್, ಚಕ್ರಕ್ಕೆ ನಿಮ್ಮ ಮೇಲೆ ಏನು ದ್ವೇಷ?” ಎಂದರು. ನನ್ನ ಪ್ರಾಮಾಣಿಕತೆಯನ್ನು ಸಾಬೀತುಪಡಿಸಲು ನಾನು ಎರಡು ವರ್ಷ ತಣ್ಣೀರಿನಲ್ಲಿ ಸ್ನಾನ ಮಾಡಿದೆ. ಚಕ್ರ ತನ್ನ ಸಾಕ್ಷಿ ಬದಲಾಯಿಸಲಿಲ್ಲ.

ಇಷ್ಟರಲ್ಲಿ ಸ್ಮಾರ್ಟ್ ಮೀಟರಿನ ಸುದ್ದಿ ಬಂತು.

ಒಂದು ಭಾನುವಾರ ನಮ್ಮ ಶಾಲೆಯ ಸಭಾಂಗಣದಲ್ಲಿ ವಿದ್ಯುತ್ ಕಚೇರಿಯವರು ಸಭೆ ಕರೆದರು. ಇಂಜಿನಿಯರು ಹೊಸ ಮೀಟರನ್ನು ಮೇಜಿನ ಮೇಲಿಟ್ಟು ತಾಳ್ಮೆಯಿಂದ ವಿವರಿಸಿದರು. ಇನ್ನು ಓದುವವರು ಮನೆಗೆ ಬರಬೇಕಿಲ್ಲ, ಬಾಗಿಲು ಹಾಕಿದ್ದರೆ ಅಂದಾಜಿನ ಬಿಲ್ಲು ಬರುವುದಿಲ್ಲ, ಕರೆಂಟು ಹೋದರೆ ನಾವು ದೂರು ಕೊಡುವ ಮೊದಲೇ ಕಚೇರಿಗೆ ಗೊತ್ತಾಗುತ್ತದೆ, ನಮ್ಮ ಬಳಕೆಯನ್ನು ನಾವೇ ಫೋನಿನಲ್ಲಿ ನೋಡಿಕೊಳ್ಳಬಹುದು. ಒಳ್ಳೆಯ ಮಾತುಗಳೇ. ನಾನೂ ತಲೆಯಾಡಿಸಿದೆ. ಮೀಟರು ಅರ್ಧ ಗಂಟೆಗೊಮ್ಮೆ ಲೆಕ್ಕ ಕಳಿಸುತ್ತದೆ ಎಂದದ್ದೇ ತಡ, ಮುಂದಿನ ಸಾಲಿನಲ್ಲಿ ಮೀಟರಮ್ಮ ಎದ್ದು ನಿಂತರು.

“ಅಂದ್ರೆ ನಾನು ಯಾವಾಗ ಎದ್ದೆ, ಯಾವಾಗ ಮಲಗಿದೆ, ಯಾವ ದಿನ ಊರಲ್ಲಿರಲಿಲ್ಲ, ಎಲ್ಲ ನಿಮಗೆ ಗೊತ್ತಾಗುತ್ತೆ. ನಮ್ಮ ಮನೆ ಒಳಗಿನ ವಿಷಯ ಹೊರಗಿನವರಿಗೆ ಯಾಕೆ?”

ಹಿಂದಿನಿಂದ ಮೂಲೆ ಅಂಗಡಿಯವರ ದನಿ ಬಂತು: “ನಮಗೆ ಅಭ್ಯಾಸ ಇದೆ ಬಿಡಿ ಅಮ್ಮ. ನಿಮಗೆ ಗೊತ್ತಿರೋದಕ್ಕಿಂತ ಹೆಚ್ಚೇನೂ ಅವರಿಗೆ ಗೊತ್ತಾಗಲ್ಲ.”

ಸಭೆಯೆಲ್ಲ ನಕ್ಕಿತು. ಮೀಟರಮ್ಮ ನಗು ಮುಗಿಯುವವರೆಗೆ ನಿಂತೇ ಇದ್ದರು. ಆಮೇಲೆ ಹೇಳಿದರು: “ನಾನು ನೋಡ್ತೀನಿ, ಹೌದು. ಆದ್ರೆ ಮರೆತುಬಿಡ್ತೀನಿ. ಇದು ಮರೆಯಲ್ಲ.”

ಯಾರ ಮನೆಯನ್ನೂ ಯಾರೂ ನೋಡುತ್ತ ಕೂರುವುದಿಲ್ಲ, ಕಂಪ್ಯೂಟರಿನಲ್ಲಿ ಸುಮ್ಮನೆ ಇರುತ್ತದೆ ಎಂದು ಇಂಜಿನಿಯರು ಸಮಾಧಾನ ಹೇಳಿದರು. ಯಾರೂ ನೋಡದಿದ್ದರೆ ಇಟ್ಟುಕೊಳ್ಳುವುದೇಕೆ ಎಂದು ಮೀಟರಮ್ಮ ಕೇಳಿದರು. ಅದಕ್ಕೆ ಇಂಜಿನಿಯರು ನೀರು ಕುಡಿದರು. ನಕ್ಕವರಲ್ಲಿ ನಾನೂ ಒಬ್ಬಳು. ಆದರೆ ಮನೆಗೆ ನಡೆಯುತ್ತ ಯೋಚಿಸಿದರೆ, ಅವರ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಕೇಳಿದವರು ಯಾರು ಎಂಬುದಷ್ಟೇ ನಗು ತರಿಸಿತ್ತು.

ಕಚೇರಿಯ ನಿಯಮ ಹೀಗಿತ್ತು: ಒಪ್ಪಿದ ಮನೆಗೆ ಮಾತ್ರ ಹೊಸ ಮೀಟರು. ಒಂದೇ ಹಲಗೆಯಲ್ಲಿ ಎರಡು ಮೀಟರಿದ್ದರೆ ಇಬ್ಬರೂ ಸಹಿ ಹಾಕಬೇಕು. ತಿಂಗಳ ಕೊನೆಯೊಳಗೆ ಹೇಳಬೇಕು. ಮಹಡಿಯ ಸಿಸ್ಟರ್ ಆ ಸಂಜೆಯೇ ಸಹಿ ಮಾಡಿ, ಕಾಗದವನ್ನು ನನ್ನ ಕೈಯಲ್ಲಿ ಕೆಳಗೆ ಕಳಿಸಿದರು. ಕೆಳಗಿನ ಸಹಿಯ ಜಾಗ ಖಾಲಿಯಾಗಿಯೇ ಉಳಿಯಿತು. ಅವರು ಅಷ್ಟು ಅವಸರಪಡುವುದೇಕೆಂದು ನಾನು ಸಿಸ್ಟರನ್ನು ಕೇಳಿದೆ. ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ರೋಗಿಗಳ ಚಾರ್ಟು ಬರೆದವರು, ಮನೆಗೂ ಒಂದು ಚಾರ್ಟು ಬೇಕೆನ್ನಿಸಿರಬೇಕು ಎಂದುಕೊಂಡಿದ್ದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ ಬೇರೆಯೇ ಹೇಳಿದರು.

“ನಿಮ್ಮ ಯಜಮಾನಿ ಹನ್ನೊಂದು ವರ್ಷದಿಂದ ನನ್ನ ಯೋಗಕ್ಷೇಮ ಗೋಡೆಯನ್ನ ಕೇಳ್ತಿದ್ದಾರೆ. ಆ ಚಕ್ರ ಹೋಗಲಿ. ಆಮೇಲೆ ಯಾರನ್ನ ಕೇಳ್ತಾರೆ, ನೋಡೋಣ.”

ಇದನ್ನು ಕೆಳಗೆ ಹೇಳಬೇಡಿ ಎಂದೂ ಸೇರಿಸಿದರು. ಹಾಗಾಗಿ ಅದೊಂದನ್ನು ನಾನು ದಾಟಿಸಲಿಲ್ಲ.

ಕೆಳಗೆ ಮೀಟರಮ್ಮ ನನ್ನ ಕೈಯಲ್ಲಿ ಆಕ್ಷೇಪಣೆ ಬರೆಸಲು ಶುರು ಮಾಡಿದ್ದರು. ‘ಮಾನ್ಯರೇ’ ಎಂದು ಆರಂಭಿಸಿ ಮೂರು ಪುಟ. ಖಾಸಗಿತನ ಒಂದು ಪುಟ, ದೂರದಿಂದಲೇ ಕರೆಂಟು ಕತ್ತರಿಸುವ ಭಯ ಒಂದು ಪುಟ. ಮೂರನೆಯ ಪುಟದ ನಡುವೆ ನಿಂತುಬಿಟ್ಟರು. ಹೊಸದರಲ್ಲಿ ಚಕ್ರ ಇರುವುದಿಲ್ಲವೇ ಎಂದು ಕೇಳಿದರು. ಇರುವುದಿಲ್ಲ, ಒಂದು ಕೆಂಪು ದೀಪ ಮಿಣುಕುತ್ತದೆ ಅಷ್ಟೇ ಎಂದೆ. ಕಪಾಟಿನಿಂದ ಒಂದು ಅಂಗಿ ತೆಗೆದು, ಹಾಕಿದ್ದ ಗುಂಡಿಯನ್ನೇ ಬಿಚ್ಚಿ ಮತ್ತೆ ಹಾಕಿದರು.

“ಇದೊಂದನ್ನ ಬರೀಬೇಡಿ ಟೀಚರ್. ಚಕ್ರ ಹೋದ್ರೆ ಮೇಲೆ ಅವಳಿದ್ದಾಳೋ ಇಲ್ವೋ ನನಗೆ ಹೇಗೆ ಗೊತ್ತಾಗುತ್ತೆ?”

ಬರೆಯಲಿಲ್ಲ. ಮೂರು ಪುಟದಲ್ಲಿ ಬರೆಯದೆ ಬಿಟ್ಟ ಆ ಒಂದೇ ಸಾಲು ನಿಜವಾದ ಆಕ್ಷೇಪಣೆಯಾಗಿತ್ತು.

ತಿಂಗಳ ನಡುವೆ ಅವರ ಬಲಗಣ್ಣಿನ ಪೊರೆ ತೆಗೆಸಬೇಕಾಯಿತು. ಹೊಲಿಗೆ ಹಾಕುವ ಜಾಗ ಬಿಟ್ಟು ಪಕ್ಕಕ್ಕೆ ಹೋಗುತ್ತಿದೆ ಎಂದು ಗಿರಾಕಿಗಳೇ ಹೇಳತೊಡಗಿದ್ದರು. ಮಗಳು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎರಡು ದಿನ ಇದ್ದು, ಕಪ್ಪು ಕನ್ನಡಕ ಹಾಕಿಸಿ, ರಜೆ ಮುಗಿದಿದ್ದರಿಂದ ನನಗೆ ಒಪ್ಪಿಸಿ ಹೋದಳು. ಎರಡು ವಾರ ಹೊಲಿಗೆ ಇಲ್ಲ, ಇಸ್ತ್ರಿ ಇಲ್ಲ, ಬಗ್ಗುವಂತಿಲ್ಲ. ನಾಲ್ಕು ಹೊತ್ತು ಕಣ್ಣಿಗೆ ಹನಿ. ಮೀಟರಮ್ಮ ಅದೇ ಸ್ಟೂಲಿನ ಮೇಲೆ, ನಿಂತ ಯಂತ್ರದ ಮುಂದೆ, ಕೈಕಟ್ಟಿ ಕುಳಿತರು. ನೋಡಲು ಮೀಟರು ಬಿಟ್ಟರೆ ಬೇರೇನೂ ಇರಲಿಲ್ಲ.

ನಾಲ್ಕನೇ ದಿನ ನಾನು ಶಾಲೆಯಿಂದ ಬರುತ್ತಲೇ ಬಾಗಿಲಲ್ಲಿ ಹಿಡಿದರು. ಮೇಲಿನ ಚಕ್ರ ಸಪ್ಪಗಾಗಿದೆ. ಒಂದು ಸಲವೂ ಓಡಿಲ್ಲ. ಹೀಗೆ ಹನ್ನೊಂದು ವರ್ಷದಲ್ಲಿ ಆಗಿರಲಿಲ್ಲ. ಅವಳು ಹಾಸಿಗೆ ಹಿಡಿದಿದ್ದಾಳೆ, ಹೋಗಿ ನೋಡಿ ಎಂದು ನನ್ನನ್ನು ಚಪ್ಪಲಿ ಬಿಡಲೂ ಬಿಡದೆ ಮಹಡಿಗೆ ಅಟ್ಟಿದರು.

ಸಿಸ್ಟರ್ ಹಾಸಿಗೆ ಹಿಡಿದಿರಲಿಲ್ಲ. ಪದಬಂಧ ಬಿಡಿಸುತ್ತ ಕಡಲೆಬೀಜ ತಿನ್ನುತ್ತಿದ್ದರು. ನನ್ನನ್ನು ಕೂರಿಸಿಕೊಂಡು ಅವರೇ ವಿಚಾರಣೆ ನಡೆಸಿದರು. ಹನಿ ಹಾಕುವ ಮೊದಲು ಕೈ ತೊಳೆಯುತ್ತೀರಾ, ಬಾಟಲಿಯ ತುದಿ ರೆಪ್ಪೆಗೆ ತಾಗುತ್ತದೆಯೇ, ಎಡಗಡೆ ಹೊರಳಿ ಮಲಗುತ್ತಾರೋ ಬಲಗಡೆಯೋ. ಹನಿ ಹಾಕಬೇಕಾದ ಹೊತ್ತನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟರು. ಯಾರು ಬರೆದದ್ದೆಂದು ಹೇಳಬಾರದು.

ಅಕ್ಷರ ನೋಡಿದ ಕೂಡಲೇ ಕೆಳಗೆ ಗೊತ್ತಾಗಿಹೋಯಿತು. “ಅದು ನರ್ಸ್ ಬುದ್ಧಿ, ಬೀದಿ ಬೆಕ್ಕಿಗೆ ಹುಷಾರಿಲ್ಲದಿದ್ರೂ ಚೀಟಿ ಬರೀತಾಳೆ” ಎಂದು ಮೀಟರಮ್ಮ ಅದನ್ನು ಪಕ್ಕಕ್ಕಿಟ್ಟರು. ಅವರಿಗೆ ಮುಖ್ಯವಾದದ್ದು ಚಕ್ರ. ಹುಷಾರಾಗಿಯೇ ಇದ್ದಾಳೆ ಅಂದರೆ ಚಕ್ರ ಯಾಕೆ ಓಡುತ್ತಿಲ್ಲ? ಸಂಜೆಯವರೆಗೆ ಯೋಚಿಸಿದರು. ಉತ್ತರ ಹೊಳೆದಾಗ ದನಿಯೇ ಬದಲಾಗಿತ್ತು.

“ನಾನು ಹೊಲೀತಿಲ್ಲ ಅಂತ ಅವಳೂ ಎಲ್ಲ ನಿಲ್ಲಿಸಿದ್ದಾಳೆ ಟೀಚರ್. ನೋಡಿ, ಬಾಯಲ್ಲಿ ಒಂದು ಮಾತಿಲ್ಲ. ಆದ್ರೆ ಮನಸ್ಸಲ್ಲಿ ಇದೆ.”

ಈ ಸಲವೂ ನಾನು ನಂಬಿದೆ. ಮರುದಿನ ಮೀಟರಮ್ಮ ಆಕ್ಷೇಪಣೆಯ ಮೂರು ಪುಟಗಳನ್ನು ಮಡಚಿ ತೋಳಿನ ಅಳತೆಯ ಮಾದರಿ ಕತ್ತರಿಸಲು ಇಟ್ಟುಕೊಂಡರು, ಒಪ್ಪಿಗೆಯ ಕಾಗದ ತರಿಸಿದರು. ಅವಳಿಗೆ ಬೇಕಂತೆ, ಹಾಕಿಸಿಕೊಳ್ಳಲಿ ಎಂದು, ಒಂದೇ ಕಣ್ಣಿನಲ್ಲಿ ಸಾಲು ನೋಡಿ ಸಹಿ ಮಾಡಿದರು. ಅಷ್ಟು ಮನಸ್ಸಿರುವವಳ ಯೋಗಕ್ಷೇಮ ಚಕ್ರವಿಲ್ಲದೆಯೂ ಹೇಗೋ ತಿಳಿಯುತ್ತದೆ ಎಂಬ ಧೈರ್ಯ ಬಂದಿತ್ತು.

ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ಫಿಟ್ಟರ್ ಬಂದ. ಬಗಲಲ್ಲಿ ಚೀಲ, ಕೈಯಲ್ಲಿ ಎರಡು ಹೊಸ ಮೀಟರಿನ ಡಬ್ಬಿ, ಕಿವಿಯ ಹಿಂದೆ ಟೆಸ್ಟರು. ಕಿವಿಯ ಹಿಂದಿನ ಟೆಸ್ಟರು ನೋಡಿ ಮೀಟರಮ್ಮನಿಗೆ ತಮ್ಮ ಕಸುಬಿನವನೇ ಅನ್ನಿಸಿ, ಕುರ್ಚಿ ಕೊಟ್ಟರು. ಅವನು ಕಾಗದ ನೋಡಿ, ಮೀಟರಿನ ನಂಬರು ನೋಡಿ, ಮತ್ತೆ ಕಾಗದ ನೋಡಿ, ತಲೆ ಕೆರೆದುಕೊಂಡ. “ಮೇಲಿನ ಮನೆ ಫ್ಯೂಸ್ ತೆಗೀತೀನಿ, ಒಂದ್ನಿಮಿಷ” ಎಂದು ‘ಮೇಲೆ’ ಎಂಬ ತಗಡಿನ ಮೀಟರಿನ ಫ್ಯೂಸು ಎಳೆದ.

ಮೀಟರಮ್ಮನ ತಲೆಯ ಮೇಲಿನ ಫ್ಯಾನು ನಿಂತಿತು.

ಮಹಡಿಯಲ್ಲಿ ಟಿ.ವಿ. ವಾರ್ತೆ ಓದುತ್ತಲೇ ಇತ್ತು.

“ತಗಡು ಅದಲುಬದಲಾಗಿದೆ ಅಮ್ಮ” ಎಂದ ಫಿಟ್ಟರ್, ಗುಂಡಿ ಉದುರಿದಷ್ಟು ಸಾಮಾನ್ಯ ವಿಷಯವೆಂಬಂತೆ. “ಇದು ನಿಮ್ಮದು. ಅದು ಮೇಲಿನವರದು. ಬಿಲ್ ನಂಬರ್ ಪ್ರಕಾರ ಬರುತ್ತಲ್ಲ, ಅದೆಲ್ಲ ಸರಿಯಾಗೇ ಇದೆ. ಬರೆದು ಹೊಡೆದವರು ತಪ್ಪು ಹೊಡೆದಿದ್ದಾರೆ ಅಷ್ಟೆ.”

ಬರೆದು ಹೊಡೆದವರು ಮೀಟರಮ್ಮನ ಗಂಡ. ತೀರಿಕೊಳ್ಳುವ ಹಿಂದಿನ ವರ್ಷ ಗೋಡೆಗೆ ಬಣ್ಣ ಹೊಡೆಸಿದಾಗ ತಗಡು ಕಿತ್ತು, ಒಣಗಿದ ಮೇಲೆ ಮತ್ತೆ ಹೊಡೆದಿದ್ದರು. ಜೀವಮಾನದಲ್ಲಿ ಒಂದು ಬೋರ್ಡಿನಲ್ಲಿ ಒಂದು ಅಕ್ಷರ ತಪ್ಪದವರು, ಸರಿಯಾಗಿ ಬರೆದ ಎರಡು ಪದಗಳನ್ನು ಪರಸ್ಪರರ ಜಾಗದಲ್ಲಿ ಕೂರಿಸಿ ಹೋಗಿದ್ದರು. ಫ್ಯೂಸು ಹೋದಾಗಲೆಲ್ಲ ಬೀದಿಯ ಎಲೆಕ್ಟ್ರಿಷಿಯನ್ ಎರಡನ್ನೂ ಕಿತ್ತು ಎರಡಕ್ಕೂ ತಂತಿ ಕಟ್ಟುತ್ತಿದ್ದ. ಹಾಗಾಗಿ ಗುಟ್ಟು ಹೊರಬೀಳಲೇ ಇಲ್ಲ.

ಫಿಟ್ಟರ್ ಫ್ಯೂಸನ್ನು ಮತ್ತೆ ಒತ್ತಿದ. ಮೀಟರಮ್ಮ ಎದ್ದು, ವೈದ್ಯರ ಮಾತನ್ನು ಲೆಕ್ಕಿಸದೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಿದರು. ‘ಮೇಲಿನ’ ಚಕ್ರ ಓಡಿತು. ತೆಗೆದರು, ನಿಧಾನವಾಯಿತು. ಮತ್ತೆ ಹಾಕಿದರು. ಹನ್ನೊಂದು ವರ್ಷ ತಮ್ಮ ಜೊತೆ ಹಟಕ್ಕೆ ಬಿದ್ದಿದ್ದವರು ಯಾರೆಂದು ಕಂಡಿತು. ಇಷ್ಟು ದಿನ ತಮಗಾಗಿ ಮರುಗುತ್ತಿದ್ದವರು ಯಾರೆಂಬುದೂ ಕಂಡಿತು. ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ನನಗೆ ಆ ಕ್ಷಣದಲ್ಲಿ ನೆನಪಾದದ್ದು ತಣ್ಣೀರು. ಬೆಳಿಗ್ಗೆ ಆರು ಗಂಟೆಗೆ ಓಡುತ್ತಿದ್ದದ್ದು ಸಿಸ್ಟರ್ ಮನೆಯ ಗೀಜರು. ಎರಡು ಚಳಿಗಾಲ. ಅದರ ಜೊತೆಗೆ ಹತ್ತನೇ ತರಗತಿಯ ಆ ಚಿತ್ರ, ಅದರ ಗುರುತಿಸಿದ ಭಾಗಗಳು.

“ಆ ಕಾಗದ ವಾಪಸ್ ಕೊಡಪ್ಪ” ಎಂದರು ಮೀಟರಮ್ಮ. “ಸಹಿ ನಂದಲ್ಲ. ತಪ್ಪು ತಿಳ್ಕೊಂಡು ಹಾಕಿದ್ದು.”

ಕಪ್ಪು ಕನ್ನಡಕದ ಕೆಳಗೆ ಬೆರಳು ತೂರಿಸಿ ಒರೆಸಿಕೊಳ್ಳುತ್ತಿದ್ದರು. ಆಗ ಮೆಟ್ಟಿಲಿನಿಂದ ದನಿ ಬಂತು. ಫಿಟ್ಟರ್ ಬಂದ ಸದ್ದಿಗೆ ಸಿಸ್ಟರ್ ಇಳಿದು ಬಂದಿದ್ದರು. ಎಷ್ಟು ಹೊತ್ತಿನಿಂದ ಆ ನಾಲ್ಕನೇ ಮೆಟ್ಟಿಲಲ್ಲಿ ನಿಂತಿದ್ದರೋ.

“ಅತ್ತಿಗೆ, ಕಣ್ಣಿಗೆ ಕೈ ಹಾಕ್ಬೇಡಿ.”

ಹನ್ನೊಂದು ವರ್ಷದ ಮೇಲೆ ಮೊದಲ ಮಾತು. ಅದೂ ಗದರಿಕೆ. ಮೀಟರಮ್ಮ ಮೆಟ್ಟಿಲ ಕಡೆ ತಿರುಗಲಿಲ್ಲ, ನನ್ನ ಕಡೆ ತಿರುಗಿದರು.

“ಟೀಚರ್, ಅವಳಿಗೆ ಹೇಳಿ. ನಾನೇನೂ ಅಳ್ತಿಲ್ಲ. ಡ್ರಾಪ್ಸ್ ಹಾಕಿದ್ದು ಇಳೀತಿದೆ.”

“ಟೀಚರ್, ಅವರಿಗೆ ಹೇಳಿ. ಡ್ರಾಪ್ಸ್ ಹನ್ನೊಂದಕ್ಕೆ. ಈಗ ಇನ್ನೂ ಹತ್ತೂಕಾಲು.”

ಎರಡನ್ನೂ ನಾನು ಹೇಳಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಕೆಲಸ ತಪ್ಪಿಸಿದೆ. ಫಿಟ್ಟರ್ ಟೆಸ್ಟರನ್ನು ಕಿವಿಯಿಂದ ತೆಗೆದು ಅದನ್ನೇ ನೋಡುತ್ತ ನಿಂತ.

ಕೊನೆಗೆ ಮೀಟರಮ್ಮನೇ ತಿರುಗಿದರು. “ನಾನು ಹೊಲಿಗೆ ಬಿಟ್ಟೆ ಅಂತ ನೀನೂ ಎಲ್ಲ ನಿಲ್ಲಿಸಿದ್ದೀಯ ಅಂದ್ಕೊಂಡಿದ್ದೆ. ನಿನಗೆ ಗೊತ್ತೂ ಆಗಿಲ್ಲ.”

“ಗೊತ್ತಾಗದೆ ಏನು?” ಸಿಸ್ಟರ್ ಇನ್ನೆರಡು ಮೆಟ್ಟಿಲು ಇಳಿದರು. “ಹತ್ತು ದಿನದಿಂದ ನನಗೆ ಮಧ್ಯಾಹ್ನ ನಿದ್ದೆ ಇಲ್ಲ. ಆ ದರಿದ್ರ ಮೆಷಿನ್ ಸದ್ದಿಗೇ ಮಲಗಿ ಅಭ್ಯಾಸ ಆಗ್ಹೋಗಿದೆ. ಅದು ನಿಂತ್ರೆ ಎದೆ ಹೊಡ್ಕೊಳ್ಳುತ್ತೆ.”

ಮೀಟರಮ್ಮ ಕಪ್ಪು ಕನ್ನಡಕ ಮೇಲೆತ್ತಿ ಅವರನ್ನು ನೋಡಿದರು. ಪೊರೆ ತೆಗೆಸಿದ ಕಣ್ಣಿನಲ್ಲಿ ನಾದಿನಿಯನ್ನು ನೋಡುತ್ತಿದ್ದದ್ದು ಅದೇ ಮೊದಲು. “ತಲೆ ಪೂರಾ ಬೆಳ್ಳಗಾಗಿದೆಯಲ್ಲೇ” ಎಂದರು. “ಚಕ್ರದಲ್ಲಿ ಅದು ಕಾಣಿಸ್ತಿರಲಿಲ್ಲ.”

ಫಿಟ್ಟರಿಗೆ ಇನ್ನೂ ಆರು ಮನೆಗಳಿದ್ದವು. ಮೀಟರ್ ಹಾಕಲೋ ಬೇಡವೋ ಎಂದು ಮೆಲ್ಲಗೆ ಕೇಳಿದ. ಹಾಕು ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ತಗಡುಗಳನ್ನು ಸರಿಯಾದ ಜಾಗಕ್ಕೆ ಮೊದಲು ಹೊಡೆಯಬೇಕೆಂದು ಮೀಟರಮ್ಮ ಶರತ್ತು ಹಾಕಿ, ಗಂಡನ ಅಕ್ಷರಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿಕೊಟ್ಟರು.

ಫೋನಿನಲ್ಲಿ ಬಳಕೆ ನೋಡುವ ವ್ಯವಸ್ಥೆಗೆ ಯಾರ ನಂಬರು ಎಂದು ಫಿಟ್ಟರ್ ಕೇಳಿದಾಗ ನಾನು ಕಿವಿ ನಿಮಿರಿಸಿದೆ. ಮನೆಯೊಳಗಿನ ವಿಷಯ ಹೊರಗಿನವರಿಗೇಕೆ ಎಂದು ಸಭೆಯಲ್ಲಿ ಎದ್ದು ನಿಂತಿದ್ದವರು, ಕೆಳಮನೆಯ ಲೆಕ್ಕವನ್ನೂ ಸಿಸ್ಟರ್ ಫೋನಿಗೇ ಹಾಕಲು ಹೇಳಿದರು. ತಮ್ಮ ಫೋನಿನಲ್ಲಿ ಅಕ್ಷರ ಬಹಳ ಚಿಕ್ಕದಂತೆ.

ಆಕ್ಷೇಪಣೆಯನ್ನು ಅವರು ಪೂರ್ತಿ ಬಿಟ್ಟಿಲ್ಲ. ಮುಂದಿನ ವಾರ ನನ್ನಿಂದ ಇನ್ನೊಂದು ಪತ್ರ ಬರೆಸಿದರು, ಈ ಸಲ ಒಂದೇ ಪುಟ. ಮೀಟರು ಕಳಿಸಿದ್ದನ್ನು ಕಚೇರಿ ಎಷ್ಟು ವರ್ಷ ಇಟ್ಟುಕೊಳ್ಳುತ್ತದೆ, ಯಾರಿಗೆ ತೋರಿಸುತ್ತದೆ ಎಂದು ತಿಳಿಸಬೇಕು. ಅದರ ಜೊತೆಗೆ, ಎದುರಿಗೇ ಕುಳಿತು ಹನ್ನೊಂದು ವರ್ಷ ನೋಡಿದವರಿಗೇ ತಪ್ಪು ತಿಳಿದಿತ್ತು, ಆದ್ದರಿಂದ ದೂರದಲ್ಲಿ ಕುಳಿತವರು ಯಾರ ಮನೆಯ ಬಗ್ಗೆಯೂ ಏನನ್ನೂ ತೀರ್ಮಾನಿಸುವ ಮೊದಲು ಮೆಟ್ಟಿಲು ಹತ್ತಿ ಕೇಳಬೇಕು. ಉತ್ತರ ಇನ್ನೂ ಬಂದಿಲ್ಲ. ನನಗೂ ಒಂದು ಆದೇಶ ಸಿಕ್ಕಿತು: ನಾಳೆಯಿಂದ ಬಿಸಿನೀರು ಕಾಯಿಸಿಕೊಳ್ಳಬಹುದು. ಒಂದು ಬಕೆಟ್.

ವೈದ್ಯರು ಹೊಲಿಗೆಗೆ ಒಪ್ಪಿದ ದಿನ ಮಧ್ಯಾಹ್ನ ಎರಡಕ್ಕೆ ಯಂತ್ರ ಮತ್ತೆ ಗರಗರ ಎಂದಿತು. ಪದಬಂಧದ ಪೇಪರು ವಾಪಸು ಕೊಡಲು ನಾನು ಮಹಡಿಗೆ ಹೋದೆ. ಸಿಸ್ಟರ್ ಆರಾಮಕುರ್ಚಿಯಲ್ಲಿ ಬಾಯಿ ಸ್ವಲ್ಪ ತೆರೆದು ಗಾಢನಿದ್ದೆಯಲ್ಲಿದ್ದರು. ಹೊಟ್ಟೆಯ ಮೇಲೆ ಫೋನು. ಅದರ ಪರದೆಯಲ್ಲಿ ‘ಕೆಳಗೆ’ ಎಂದು ಬರೆದಿತ್ತು, ಪಕ್ಕದಲ್ಲಿ ಒಂದು ಗೆರೆ ಮೇಲಕ್ಕೆ ಏರಿ ನಿಂತಿತ್ತು. ಪೇಪರನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು ಇಳಿದು ಬಂದೆ.

“ಏನ್ಮಾಡ್ತಿದ್ದಾಳೆ?” ಎಂದು ಮೀಟರಮ್ಮ ತಲೆ ಎತ್ತದೆ ಕೇಳಿದರು.

“ನೀವೇ ಹೋಗಿ ನೋಡಿ” ಎಂದೆ.

ಅವರು ಹೊಲಿಗೆಯ ಸಾಲು ಮುಗಿಸಿ, ನೂಲು ಹಲ್ಲಿನಲ್ಲಿ ಕಡಿದು, ಯಂತ್ರವನ್ನು ಮಾತ್ರ ನಿಲ್ಲಿಸದೆ, ಪೆಡಲಿನಿಂದ ಕಾಲು ತೆಗೆಯದೆ ಎದ್ದರು. ಸದ್ದು ನಿಂತರೆ ಅವಳಿಗೆ ಎಚ್ಚರವಾಗುತ್ತದೆ ಎಂದು ಪಿಸುಗುಟ್ಟಿ, ಪೆಡಲಿನ ಮೇಲೆ ನನ್ನ ಕಾಲಿಡಿಸಿ, ಮೆಟ್ಟಿಲು ಹತ್ತಿದರು.